ಒಂದೇ ಸಲಕ್ಕೆ ಎರಡು ಪಾಠ ಬೇಡ

ಪ್ರಶ್ನೆ: ನನಗೆ 43 ವರ್ಷ. ಬೆಂಗಳೂರಿನಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ರಾಮೇಶ್ವರಕ್ಕೆ ಹೋಗಿ ಕೈಟ್‌ಬೋರ್ಡಿಂಗ್ ಕಲಿತೆ. ಈಗ ಫಾಯಿಲ್ ಬೋರ್ಡ್ ಹತ್ತಿದ್ದೇನೆ: ಅಡಿಯಲ್ಲೊಂದು ಕಂಬ (ಮಾಸ್ಟ್), ಅದರ ತುದಿಯಲ್ಲಿ ನೀರೊಳಗಿನ ರೆಕ್ಕೆಗಳು (ಫಾಯಿಲ್) ಇರುವ ಹಲಗೆ. ನೀರಿನಿಂದ ಮೇಲೆದ್ದು ನೇರವಾಗಿ ಎಷ್ಟು ದೂರ ಬೇಕಾದರೂ ಹೋಗಬಲ್ಲೆ. ತಿರುಗಿ ಕಾಲು ಬದಲಿಸಲು ಹೋದರೆ ಮಾತ್ರ ಪ್ರತಿ ಸಲವೂ ಬೀಳುತ್ತೇನೆ. ನನ್ನ ಜೊತೆ ಶುರು ಮಾಡಿದ ಹುಡುಗರೆಲ್ಲ ಸಲೀಸಾಗಿ ತಿರುಗುತ್ತಿದ್ದಾರೆ. ಈ ವಯಸ್ಸಿಗೆ ಇದು ಆಗದ ಕೆಲಸವೇ? ಬಿಟ್ಟುಬಿಡಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಬಿಡಬೇಡಿ. ನೇರವಾಗಿ ಹೋಗುವಷ್ಟು ಸಮತೋಲ ಬಂದಿದೆ ಎಂದರೆ ಅಡ್ಡಿ ವಯಸ್ಸಿನದಲ್ಲ, ಕಲಿಯುವ ಕ್ರಮದ್ದು. ತಿರುಗುವುದು ಒಂದು ಪಾಠ, ಕಾಲು ಬದಲಿಸುವುದು ಇನ್ನೊಂದು. ನೀವು ಎರಡನ್ನೂ ಒಟ್ಟಿಗೆ ಮಾಡಲು ಹೋಗುತ್ತಿದ್ದೀರಿ.

ಮೊದಲು ಕಾಲಿನ ವಿಷಯ. ತಿರುಗುವ ಯೋಚನೆಯೇ ಬೇಡ. ನೇರ ಹೋಗುತ್ತಲೇ ಬದಲಿಸಿ. ಪಾದ ಸಿಕ್ಕಿಸುವ ಸ್ಟ್ರಾಪ್ ಇದ್ದರೆ ಸದ್ಯಕ್ಕೆ ಬಿಚ್ಚಿಡಿ. ಭಾರ ಹಿಂಗಾಲಿಗೆ ಬಿದ್ದರೆ ಬೋರ್ಡಿನ ಮೂತಿ ಏಳುತ್ತದೆ, ಫಾಯಿಲ್ ಮೇಲೇರುತ್ತದೆ. ಅದರ ರೆಕ್ಕೆ ನೀರಿನಿಂದ ಹೊರಬಂದ ಕ್ಷಣವೇ ಆಧಾರ ತಪ್ಪಿ ಬೋರ್ಡ್ ಕುಸಿಯುತ್ತದೆ. ಆದ್ದರಿಂದ ಬದಲಿಸುವ ಮುನ್ನ ಬೋರ್ಡನ್ನು ನೀರಿನ ಹತ್ತಿರಕ್ಕೆ ಇಳಿಸಿ. ನೀರಿಗೆ ತಾಗಿದರೂ ನಷ್ಟವಿಲ್ಲ. ಮೊದಲು ಹಿಂಗಾಲನ್ನು ಮುಂಗಾಲಿನ ಪಕ್ಕಕ್ಕೆ, ಬೋರ್ಡಿನ ನಡುಗೆರೆಯ ಮೇಲೆ ತನ್ನಿ. ಆಮೇಲೆ ಮುಂಗಾಲನ್ನು ಹಿಂದಕ್ಕೆ ಸರಿಸಿ. ಆ ಹೊತ್ತಿಗೆ ಕೈಟ್ ತಲೆಯ ಮೇಲ್ಭಾಗಕ್ಕೆ ಹತ್ತಿರವಿದ್ದರೆ ಅದರ ಎಳೆತ ಹಾರ್ನೆಸ್ ಮೂಲಕ ನಿಮ್ಮ ಭಾರವನ್ನು ಸ್ವಲ್ಪ ಹೊರುತ್ತದೆ, ಪಾದ ಹಗುರಾಗುತ್ತದೆ. ಪಾದ ನೋಡಬೇಡಿ, ಹೋಗುವ ದಿಕ್ಕು ನೋಡಿ. ಮರಳಿನ ಮೇಲೆ ಗೆರೆ ಎಳೆದು ಈ ಹೆಜ್ಜೆಗಳನ್ನು ಕಾಲಿಗೆ ರೂಢಿ ಮಾಡಿಸಿ.

ಹೀಗೆ ಬದಲಿಸಿದ ಮೇಲೆ ನಿಮ್ಮ ಬೆನ್ನು ಕೈಟಿನ ಕಡೆಗೆ ತಿರುಗಿ, ಭಾರ ಕಾಲ್ಬೆರಳುಗಳ ಮೇಲೆ ಬೀಳುತ್ತದೆ. ಮೈಗೆ ಇದು ವಿಚಿತ್ರ ಭಂಗಿ. ಅದರಲ್ಲೇ ದೂರದವರೆಗೆ ಹೋಗುವ ಅಭ್ಯಾಸ ಮಾಡಿ. ಹೆಚ್ಚಿನವರು ಈ ಮೆಟ್ಟಿಲು ಹಾರಿಬಿಡುತ್ತಾರೆ, ಅಲ್ಲಿಯೇ ಸಿಕ್ಕಿಬೀಳುತ್ತಾರೆ.

ಇದು ಕೈಗೂಡಿದ ಮೇಲೆ ತಿರುವು. ಗಾಳಿ ಬೀಸಿ ಹೋಗುವ ಕಡೆಗೇ ತಿರುಗುವ ಜೈಬ್‌ನಿಂದ ಶುರು ಮಾಡಿ. ಗಾಳಿಗೆ ಎದುರಾಗಿ ತಿರುಗುವ ಟ್ಯಾಕ್ ಕಷ್ಟದ್ದು, ಅದು ಆಮೇಲಿರಲಿ. ಕೈಟ್ ಮೊದಲು, ಬೋರ್ಡ್ ನಂತರ: ಬಾರ್ ನಿಧಾನವಾಗಿ ತಿರುಗಿಸಿ ಕೈಟನ್ನು ತಲೆಯ ಮೇಲಿಂದ ಹೊಸ ದಿಕ್ಕಿಗೆ ಕಳಿಸಿ, ಬೋರ್ಡನ್ನು ಅಗಲವಾದ ಕಮಾನಿನಲ್ಲಿ ಅದರ ಹಿಂದೆ ತನ್ನಿ. ಕೈಟ್ ತಡವಾದರೆ ನೀವು ಅದರತ್ತಲೇ ನುಗ್ಗಿ ದಾರಗಳು ಸಡಿಲವಾಗುತ್ತವೆ. ರಭಸವಾಗಿ ಎಸೆದರೆ ಅದು ನಿಮ್ಮನ್ನೇ ಮೇಲಕ್ಕೆತ್ತುತ್ತದೆ. ತಿರುವು ಮುಗಿದಾಗ ನೀವು ಆ ವಿಚಿತ್ರ ಭಂಗಿಯಲ್ಲಿರುತ್ತೀರಿ. ಗಾಬರಿ ಬೇಡ, ಅದು ಈಗಾಗಲೇ ಪರಿಚಿತ. ಬೋರ್ಡ್ ನೆಟ್ಟಗಾದ ಮೇಲೆ ಕಾಲು ಬದಲಿಸಿ.

2024ರ ಒಲಿಂಪಿಕ್ಸ್‌ನಲ್ಲಿ ಮಾರ್ಸೇಯ ಸಮುದ್ರದಲ್ಲಿ ನಡೆದ ಕೈಟ್ ಪಂದ್ಯಗಳ ವಿಡಿಯೊ ನೋಡಿ ಎದೆಗುಂದಬೇಡಿ. ಅವರದು ಉದ್ದ ಮಾಸ್ಟ್, ವೇಗಕ್ಕೆಂದೇ ಮಾಡಿದ ತೆಳು ರೆಕ್ಕೆ. ನಿಮಗೆ ಬೇಕಾದದ್ದು ಕಡಿಮೆ ವೇಗದಲ್ಲೂ ಹೊರುವ ದೊಡ್ಡ ಮುಂದಿನ ರೆಕ್ಕೆ, ಗಿಡ್ಡ ಮಾಸ್ಟ್, ತೇಲುವ ಬೋರ್ಡ್.

ಕೈಟ್ ಕಲಿಯಲು ಹೊಸಬರು ಇಳಿಯುವ ಸೊಂಟಮಟ್ಟದ ನೀರು ಫಾಯಿಲ್‌ಗೆ ಅಪಾಯ. ಎದೆಮಟ್ಟಕ್ಕಿಂತ ಆಳ ಇರಲಿ. ಹೆಲ್ಮೆಟ್, ಇಂಪ್ಯಾಕ್ಟ್ ವೆಸ್ಟ್ ಇಲ್ಲದೆ ಇಳಿಯಬೇಡಿ. ಬೀಳುವುದು ಖಚಿತವಾದರೆ ಬೋರ್ಡನ್ನು ಕಾಲಿನಿಂದ ದೂಡಿ, ಅದರಿಂದ ದೂರಕ್ಕೆ ಬೀಳಿ. ಫಾಯಿಲ್‌ನ ಅಂಚು ಕುಯ್ಯುತ್ತದೆ.

ಹುಡುಗರು ಬೇಗ ಕಲಿತರೆ ಕಲಿಯಲಿ. ಮುಂದಿನ ಸಲ ರಾಮೇಶ್ವರಕ್ಕೆ ಹೋದಾಗ ತಿರುವನ್ನು ಪೂರ್ತಿ ಮರೆತು, ಬರೀ ಕಾಲು ಬದಲಿಸಿ ಬನ್ನಿ.