ನೀರು ಹಾಕಿದರೆ ಲಸಿಕೆ: ಒಂದು ಕಾಮರ್ಸ್ ಲೆಕ್ಕ

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ದಾದಿಯ ಇನ್ಸುಲಿನ್ ಬಾಟಲಿಗಳು ಫ್ರಿಜ್‌ನಲ್ಲಿರುತ್ತವೆ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಅಮ್ಮಿ ಅವನ್ನು ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಇಡುತ್ತಾರೆ. ಕಳೆದ ವರ್ಷ ನಾವೆಲ್ಲ ಮದುವೆಗೆ ಹೋದಾಗ ಎರಡು ದಿನ ಕರೆಂಟ್ ಇರಲಿಲ್ಲ. ಎರಡು ಬಾಟಲಿ ಎಸೆಯಬೇಕಾಯಿತು.

ಆದ್ದರಿಂದ ಸೈನ್ಸ್ ಓದುವ ಗೆಳೆಯನೊಬ್ಬ "ನೀರು ಹಾಕಿದರೆ ಔಷಧಿ ತಯಾರಾಗುವ ಪುಡಿ ಬಂದಿದೆ" ಎಂದಾಗ ನನಗೆ ಆ ಬಾಟಲಿಗಳೇ ನೆನಪಾದವು. ಬಯಾಲಜಿ ಮೇಡಂ ಹತ್ತಿರ ಹೋಗಿ ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇನ್ಸುಲಿನ್ ಒಂದು ಪ್ರೋಟೀನ್. ಬೆಂಗಳೂರಿನ ಬಯೋಕಾನ್ ಇದನ್ನು ಪಿಕಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿ 2004ರಲ್ಲಿ ಇನ್ಸುಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ದೊಡ್ಡ ಟ್ಯಾಂಕುಗಳಲ್ಲಿ ಜೀವಂತ ಯೀಸ್ಟ್ ಬೆಳೆಸಬೇಕು, ಅದಕ್ಕೆ ಆಹಾರ, ಗಾಳಿ, ಹದವಾದ ಉಷ್ಣತೆ ಕೊಡಬೇಕು. ಜೀವಕೋಶ ನಮಗಾಗಿ ದುಡಿಯುವ ಮೊದಲು ತನ್ನ ಹೊಟ್ಟೆಪಾಡು ನೋಡಿಕೊಳ್ಳುತ್ತದೆ.

ಜೀವಕೋಶವೇ ಇಲ್ಲದೆ ಕೆಲಸವಾಗುವುದಿಲ್ಲವೇ? ಆಗುತ್ತದೆ. ಪ್ರೋಟೀನ್ ಕಟ್ಟುವ ಯಂತ್ರ ರೈಬೋಸೋಮ್. ಬ್ಯಾಕ್ಟೀರಿಯಾವನ್ನು ಒಡೆದು, ಸಿಪ್ಪೆ ತೆಗೆದು, ಒಳಗಿನ ರಸವನ್ನು ಇಟ್ಟುಕೊಂಡರೆ ರೈಬೋಸೋಮ್‌ಗಳು ಅದರಲ್ಲಿ ಕೆಲಸ ಮುಂದುವರಿಸುತ್ತವೆ. 1961ರಲ್ಲಿ ಅಮೆರಿಕದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮತ್ತೈ ಇಂಥ ರಸದಿಂದಲೇ ಜೀವಸಂಕೇತದ ಮೊದಲ ಪದವನ್ನು ಓದಿದರು. 1968ರಲ್ಲಿ ನಿರೆನ್‌ಬರ್ಗ್ ಜೊತೆ ನೊಬೆಲ್ ಹಂಚಿಕೊಂಡವರಲ್ಲಿ ನಮ್ಮ ಹರಗೋವಿಂದ ಖೊರಾನಾ ಒಬ್ಬರು.

ಹೊಸ ವಿಷಯ ಎಂದರೆ ಆ ರಸವನ್ನು ಒಣಗಿಸುವುದು. ಬ್ಯಾಡಗಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಹಸಿ ಮೆಣಸಿನಕಾಯಿ ಕೊಳೆಯುತ್ತದೆ, ಒಣಗಿದ್ದು ಉಳಿಯುತ್ತದೆ. ಆದರೆ ಈ ರಸವನ್ನು ಬಿಸಿಲಿಗೆ ಹಾಕಿದರೆ ಪ್ರೋಟೀನ್ ಕೆಡುತ್ತದೆ. ಹಾಗಾಗಿ ಮೊದಲು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನು ನೇರವಾಗಿ ಆವಿ ಮಾಡಿ ತೆಗೆಯುತ್ತಾರೆ. ಉಳಿಯುವುದು ಪುಡಿ. ಬೇಕಾದ ಪ್ರೋಟೀನಿನ ಡಿಎನ್‌ಎ ಮತ್ತು ನೀರು ಸೇರಿಸಿದರೆ ಕೆಲಸ ಶುರು. 2016ರಲ್ಲಿ ಜೇಮ್ಸ್ ಕಾಲಿನ್ಸ್ ತಂಡ ಹೀಗೆ ಲಸಿಕೆಯ ಪ್ರೋಟೀನ್‌ಗಳನ್ನು ತಯಾರಿಸಿ ತೋರಿಸಿತು. 2021ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೈಕಲ್ ಜುವೆಟ್ ಅವರ ತಂಡ ಸುಮಾರು ಒಂದು ಗಂಟೆಯಲ್ಲಿ ತಯಾರಾಗುವ ಲಸಿಕೆಯಿಂದ ಇಲಿಗಳನ್ನು ಮಾರಕ ಸೋಂಕಿನಿಂದ ಕಾಪಾಡಿತು. ಮನುಷ್ಯರಿಗಲ್ಲ, ಇಲಿಗಳಿಗೆ.

ಹಾಗಾದರೆ ದಾದಿಗೆ? ಇಲ್ಲಿ ನನ್ನ ಲೆಕ್ಕ. ದಿನಕ್ಕೆ 40 ಯೂನಿಟ್ ಇನ್ಸುಲಿನ್ ಎಂದರೆ ಸುಮಾರು 1.4 ಮಿಲಿಗ್ರಾಂ. ದೊಡ್ಡವರ ಹೆಪಟೈಟಿಸ್ ಬಿ ಲಸಿಕೆಯ ಒಂದು ಡೋಸ್‌ನಲ್ಲಿರುವುದು 20 ಮೈಕ್ರೋಗ್ರಾಂ ಪ್ರೋಟೀನ್. ಅಂದರೆ ದಾದಿಯ ಒಂದು ದಿನದ ಇನ್ಸುಲಿನ್ ತೂಕದಲ್ಲಿ 70 ಜನರಿಗೆ ಒಂದೊಂದು ಡೋಸ್ ಆಗುತ್ತದೆ! ಲಸಿಕೆ ಎರಡು ಮೂರು ಸಲ ಸಾಕು, ಇನ್ಸುಲಿನ್ ಪ್ರತಿದಿನ ಬೇಕು. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಲೆಕ್ಕ ಬರೆಯುವ ಮಾಮೂ ಹೇಳುವಂತೆ, ಕೋಣೆ ಅರ್ಧ ಖಾಲಿಯಿದ್ದರೂ ಕರೆಂಟ್ ಬಿಲ್ ಅರ್ಧವಾಗುವುದಿಲ್ಲ. ಟ್ಯಾಂಕಿನ ಕಾರ್ಖಾನೆಯೂ ಹಾಗೆ, ಸ್ಥಿರ ವೆಚ್ಚ ದೊಡ್ಡದು, ಕೋಟಿಗಟ್ಟಲೆ ಡೋಸ್‌ಗೆ ಹಂಚಿದಾಗ ಅಗ್ಗ. ಪುಡಿಯ ವಿಧಾನಕ್ಕೆ ಕಟ್ಟಡ ಬೇಡ, ಆದರೆ ಪ್ರತಿ ಮಿಲಿಗ್ರಾಂಗೆ ಬದಲಾಗುವ ವೆಚ್ಚ ಹೆಚ್ಚು. ರಸ್ತೆ ಕೊಚ್ಚಿಹೋದ ಊರಿಗೆ ಇನ್ನೂರು ಡೋಸ್ ಬೇಕಾದರೆ ಪುಡಿ ಗೆಲ್ಲುತ್ತದೆ. ದಿನವೂ ಬೇಕಾಗುವ ಇನ್ಸುಲಿನ್‌ಗೆ ಟ್ಯಾಂಕೇ. ತಯಾರಾದದ್ದು ಶುದ್ಧವಾಗಿದೆಯೇ ಎಂದು ಆ ಊರಲ್ಲಿ ಪರೀಕ್ಷಿಸುವವರು ಯಾರು ಎಂಬುದು ಬೇರೆ ಪ್ರಶ್ನೆ. ಮೇಡಂ ಇದನ್ನೇ ಹೆಚ್ಚು ಒತ್ತಿ ಹೇಳಿದರು.

ಫ್ರಿಜ್ ತಪ್ಪಿಸಲು ಇನ್ನೊಂದು ದಾರಿಯೂ ಇದೆ, ಪ್ರೋಟೀನನ್ನೇ ಗಟ್ಟಿ ಮಾಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಅವರ ತಂಡ ರೂಪಿಸಿದ ಕೋವಿಡ್ ಲಸಿಕೆಯ ಮಾದರಿ 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ತಡೆದುಕೊಂಡಿತು. ಸಾಧ್ಯವಾದರೆ ಇನ್ಸುಲಿನ್‌ಗೂ ಇದೇ ದಾರಿ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಇದನ್ನೆಲ್ಲ ದಾದಿಗೆ ಉರ್ದುವಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿ, "ಅಂದರೆ ನನ್ನದು ಇನ್ನೂ ಫ್ರಿಜ್‌ನಲ್ಲೇ" ಎಂದರು. ಹೌದು ದಾದಿ ಎಂದೆ. "ಹಾಗಿದ್ದರೆ ಮಡಕೆಯ ಬಟ್ಟೆ ಒಣಗಿದೆ ನೋಡು, ನೀರು ಚಿಮುಕಿಸು."