ಮೂಗು ಮತ್ತು ಅದರ ನಡುಗೋಡೆ: ಸದಸ್ಯರ ಕೆಲವು ಪ್ರಶ್ನೆಗಳು

ಗೊಬ್ಬರದ ಲೆಕ್ಕಕ್ಕೋ ಸಾಲದ ಕಂತಿಗೋ ಸಂಘದ ಕಚೇರಿಗೆ ಬರುವ ಸದಸ್ಯರು ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಕೇಳುವುದುಂಟು. ಹುಡುಗನಿಗೆ ಮೂಗಿನ ಮೂಳೆ ಬಾಗಿದೆಯಂತೆ, ಆಪರೇಷನ್ ಮಾಡಿಸಲೇಬೇಕೆ? ಮೂಗಿನಲ್ಲಿ ದುರ್ಮಾಂಸ ಬೆಳೆದಿದೆಯಂತೆ, ಸುಡಿಸಿದರೆ ಹೋಗುತ್ತದೆಯೆ? ಈ ವಿಷಯದ ಪ್ರಶ್ನೆಗಳು ಇತ್ತೀಚೆಗೆ ಹೆಚ್ಚಾಗಿರುವುದರಿಂದ ಒಂದೆಡೆ ಬರೆದಿಡುವುದು ಲೇಸೆನಿಸಿತು. ನಾವು ವೈದ್ಯರಲ್ಲ, ಪದವಿ ಓದಿ ತೋಟಕ್ಕೆ ಮರಳಿದವರು. ತಿಳಿದವರನ್ನು ಕೇಳಿ, ಪುಸ್ತಕ ಓದಿ ಅರಿತದ್ದನ್ನು ಇಲ್ಲಿ ಕೊಡುತ್ತಿದ್ದೇವೆ. ಮದ್ದು ಬರೆಯುವ ಕೆಲಸ ನಮ್ಮದಲ್ಲ.

ಮೊದಲು ರಚನೆ. ಕನ್ನಡಕ ಕೂರುವ ಜಾಗವನ್ನು ಬೆರಳಿನಿಂದ ಒತ್ತಿ ನೋಡಿರಿ, ಗಟ್ಟಿ ಮೂಳೆ ಸಿಗುತ್ತದೆ. ಕೆಳಕ್ಕೆ ಬಂದಂತೆ ಮೂಗು ಬಾಗುತ್ತದೆ; ಅಲ್ಲಿರುವುದು ಮೂಳೆಯಲ್ಲ, ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು. ಒಳಗೆ ಎರಡು ಹೊಳ್ಳೆಗಳನ್ನು ಬೇರೆ ಮಾಡುವುದೇ ನಡುಗೋಡೆ. ಅದರ ಮುಂಭಾಗ ನಾಲ್ಕು ಮೂಲೆಯ ಮೃದ್ವಸ್ಥಿ. ಹಿಂದೆ ಮೇಲ್ಗಡೆ ತಲೆಬುರುಡೆಯಿಂದ ಇಳಿದ ತೆಳು ಮೂಳೆ ಹಲಗೆ. ಹಿಂದೆ ಕೆಳಗಡೆ ಇನ್ನೊಂದು ಮೂಳೆ. ಈ ಕೊನೆಯದಕ್ಕೆ ವೈದ್ಯರು ವೋಮರ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ನೇಗಿಲ ಗುಳ! ಆಕಾರವೂ ಹಾಗೆಯೇ ಇದೆ. ಎರಡು ಪಕ್ಕದ ಗೋಡೆಗಳಿಂದ ಮೂರು ಮೂರು ಸುರುಳಿ ಎಲುಬುಗಳು ಚಾಚಿಕೊಂಡಿದ್ದು, ಅವುಗಳ ಮೇಲೆ ರಕ್ತ ತುಂಬಿದ ಲೋಳೆಪೊರೆ ಹೊದ್ದಿರುತ್ತದೆ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಈ ದಾರಿಯಲ್ಲಿ ಹೋಗುತ್ತದೆ. ಅದನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಹಿಡಿದು ಶ್ವಾಸಕೋಶಕ್ಕೆ ಕಳುಹಿಸುವುದು ಮೂಗಿನ ಕೆಲಸ.

ಬೆಳಿಗ್ಗೆ ಎಡಹೊಳ್ಳೆ ಕಟ್ಟಿದ್ದರೆ ಮಧ್ಯಾಹ್ನ ಬಲಹೊಳ್ಳೆ ಕಟ್ಟುತ್ತದೆ, ಇದು ರೋಗವೇ ಎಂದು ಒಬ್ಬ ಸದಸ್ಯರು ಕೇಳಿದ್ದಾರೆ. ಅಲ್ಲ. ಸುರುಳಿ ಎಲುಬಿನ ಮೇಲಿನ ಪೊರೆ ಕೆಲವು ಗಂಟೆಗಳಿಗೊಮ್ಮೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಇಳಿಯುತ್ತದೆ. 1895ರಲ್ಲಿ ಜರ್ಮನಿಯ ಕೈಸರ್ ಎಂಬ ವೈದ್ಯ ಇದನ್ನು ವಿವರಿಸಿದ. ನಮ್ಮ ಯೋಗಶಾಸ್ತ್ರದವರು ಸೂರ್ಯನಾಡಿ, ಚಂದ್ರನಾಡಿ ಎಂದು ಅದಕ್ಕೂ ಬಹಳ ಹಿಂದೆಯೇ ಗಮನಿಸಿದ್ದರು. ಸದಾ ಒಂದೇ ಕಡೆ ಕಟ್ಟಿದ್ದರೆ ಮಾತ್ರ ಯೋಚಿಸಬೇಕು.

ಇನ್ನು ಬಾಗಿದ ಗೋಡೆಯ ಮಾತು. ಗೆರೆ ಎಳೆದಂತೆ ನೆಟ್ಟಗಿರುವ ನಡುಗೋಡೆ ಇರುವವರೇ ಅಪರೂಪ. ಹುಟ್ಟುವಾಗಿನ ಒತ್ತಡದಿಂದಲೋ, ಬೆಳೆಯುವಾಗ ಒಂದು ಭಾಗ ಮುಂದಾಗಿಯೋ, ಬಾಲ್ಯದಲ್ಲಿ ಬಿದ್ದು ಮರೆತ ಪೆಟ್ಟಿನಿಂದಲೋ ಬಹುಮಂದಿಗೆ ಅದು ಸ್ವಲ್ಪವಾದರೂ ವಾಲಿರುತ್ತದೆ. ತೊಂದರೆಯಿಲ್ಲದ ವಾಲಿಗೆ ಚಿಕಿತ್ಸೆ ಬೇಡ. ಸ್ಕ್ಯಾನಿನ ವರದಿಯಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಅಡಿಕೆ ಮಾರಿದ ಹಣವನ್ನು ಆಪರೇಷನ್ನಿಗೆ ಸುರಿಯುವುದು ಸರಿಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿರುವುದು, ರಾತ್ರಿ ಬಾಯಲ್ಲೇ ಉಸಿರಾಡುವುದು, ಸೈನಸ್ ಸೋಂಕು ಪದೇ ಪದೇ ಬರುವುದು, ಬಾಗಿದ ಕಡೆಯಿಂದ ಮತ್ತೆ ಮತ್ತೆ ರಕ್ತ ಸೋರುವುದು ಇದ್ದರೆ ಮಾತು ಬೇರೆ. ಆಗಲೂ ಧೂಳಿನ ಅಲರ್ಜಿ ಎಷ್ಟು, ಗೋಡೆಯ ಪಾಲೆಷ್ಟು ಎಂದು ವೈದ್ಯರು ಮೊದಲು ಅಳೆಯುತ್ತಾರೆ. ಅಡಿಕೆ ಸುಲಿಯುವ ಧೂಳಿಗೆ, ಆಲೆಮನೆಯ ಹೊಗೆಗೆ ಬರುವ ಸೀನು ಗೋಡೆ ನೆಟ್ಟಗೆ ಮಾಡಿದರೆ ನಿಲ್ಲುವುದಿಲ್ಲ. (ಕೊಪ್ಪ ಎಂದರೆ ಹೊರಗಿನವರು ಮಲೆನಾಡನ್ನೇ ನೆನೆಯುತ್ತಾರೆ. ಮದ್ದೂರು ತಾಲ್ಲೂಕಿನ ನಮ್ಮ ಕೊಪ್ಪದಲ್ಲಿ ಅಡಿಕೆಯ ಧೂಳಿನ ಜೊತೆಗೆ ಕಬ್ಬಿನ ಹೊಗೆಯೂ ಉಂಟು.)

ಹಿಂದೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬಾಗಿದ ಭಾಗವನ್ನು ಬಹಳಷ್ಟು ತೆಗೆದೇಬಿಡುತ್ತಿದ್ದರು. ಕೆಲವರ ಮೂಗು ಆಮೇಲೆ ಕುಸಿಯುತ್ತಿತ್ತು. ಈಗ ಬೇಕಾದಷ್ಟನ್ನೇ ಕತ್ತರಿಸಿ, ನೆಟ್ಟಗೆ ಮಾಡಿ ಮರಳಿ ಕೂರಿಸುತ್ತಾರೆ. ಕೆಲಸವೆಲ್ಲ ಹೊಳ್ಳೆಯ ಒಳಗೇ ನಡೆಯುವುದರಿಂದ ಹೊರಗೆ ಗಾಯದ ಗುರುತಿಲ್ಲ. ಮಕ್ಕಳಲ್ಲಿ ಮೂಗು ಬೆಳೆಯುತ್ತಿರುವುದರಿಂದ ಸಾಮಾನ್ಯವಾಗಿ 16-17 ವಯಸ್ಸಿನವರೆಗೆ ಕಾಯುತ್ತಾರೆ. ತೀರಾ ತೊಂದರೆಯಿದ್ದರೆ ಮಾತ್ರ ಮೊದಲೇ ಮಾಡುತ್ತಾರೆ.

ಕಾಯಬಾರದ ಸಂಗತಿ ಒಂದಿದೆ. ಸದಸ್ಯರು ಇದೊಂದನ್ನು ಮನೆಯವರೆಲ್ಲರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ. ಹಸುವಿನ ಕೊಂಬು ತಗುಲಿ, ಅಡಿಕೆ ಮರದಿಂದ ಜಾರಿ, ಸ್ಕೂಟರಿನಿಂದ ಬಿದ್ದು ಮೂಗಿಗೆ ಪೆಟ್ಟಾದಾಗ ನಡುಗೋಡೆಯ ಮೃದ್ವಸ್ಥಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ತುಂಬಿಕೊಳ್ಳಬಹುದು. ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ, ಮೇಲಿನ ಪೊರೆಯೇ ಅದಕ್ಕೆ ಆಹಾರ ಕೊಡುವುದು. ಸುತ್ತಲೂ ತೊಗಟೆ ಸುಲಿದ ಮರ ಏನಾಗುತ್ತದೆಂದು ನಮಗೆ ಗೊತ್ತು. ಪೊರೆ ಬಿಟ್ಟುಕೊಂಡ ಮೃದ್ವಸ್ಥಿಯೂ ಹಾಗೆಯೇ ಒಂದೆರಡು ದಿನಗಳಲ್ಲಿ ಸಾಯತೊಡಗುತ್ತದೆ. ನಿಂತ ರಕ್ತ ಕೀವಾದರೆ ಇನ್ನೂ ಬೇಗ. ವಾರ ಕಳೆದು ನೋಡಿದರೆ ಮೂಗಿನ ನಡು ಕುಸಿದು ಕುದುರೆ ಜೀನಿನಂತಾಗಿರುತ್ತದೆ. ಮಗುವಾದರೆ ಮುಂದಿನ ಬೆಳವಣಿಗೆಯೂ ಕೆಡುತ್ತದೆ.

ಗುರುತಿಸುವುದು ಕಷ್ಟವಲ್ಲ. ಪೆಟ್ಟಾದ ಮೇಲೆ ಎರಡೂ ಹೊಳ್ಳೆ ಕಟ್ಟಿ, ನೋವು ಇಳಿಯುವ ಬದಲು ಏರುತ್ತಿದ್ದರೆ, ಟಾರ್ಚ್ ಹಿಡಿದು ನೋಡಿದಾಗ ನಡುಗೋಡೆಯ ಮೇಲೆ ಕೆಂಪು ಇಲ್ಲವೆ ನೇರಳೆ ಬಣ್ಣದ ಮೆತ್ತನೆಯ ಉಬ್ಬು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಬ್ಬು ಕಾಣದಿದ್ದರೂ ಅನುಮಾನವಿದ್ದರೆ ಹೋಗುವುದೇ ಸರಿ. ಸಣ್ಣ ಗಾಯ ಮಾಡಿ ರಕ್ತ ಹೊರಹಾಕಿ ಬತ್ತಿ ತುರುಕುತ್ತಾರೆ, ಅಷ್ಟೆ. ಬರೀ ಮೂಳೆ ಮುರಿದಿದ್ದರೆ ಇಷ್ಟು ಅವಸರವಿಲ್ಲ. ಊತ ಇಳಿದ ಮೇಲೆ, ದೊಡ್ಡವರಲ್ಲಿ ಸುಮಾರು ಏಳರಿಂದ ಹತ್ತು ದಿನದೊಳಗೆ, ಮಕ್ಕಳಲ್ಲಿ ಇನ್ನೂ ಬೇಗ ಕೂರಿಸಬಹುದು. ತಲೆಗೆ ಪೆಟ್ಟಾದವರ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಎಂದುಕೊಳ್ಳಬೇಡಿ. ಅದು ಮೆದುಳಿನ ಸುತ್ತಣ ದ್ರವವಿರಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಮಕ್ಕಳ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಒಳಗೆ ಏನೋ ಇದೆ ಎಂದೇ ತಿಳಿಯಬೇಕು. ಕಾಫಿ ಬೀಜ, ಹುಣಸೆ ಬೀಜ, ಅಡಿಕೆ ಚೂರು ಸಿಗುವುದು ಸಾಮಾನ್ಯ. ಆದರೆ ಗಡಿಯಾರ, ಆಟಿಕೆ, ರಿಮೋಟುಗಳಲ್ಲಿರುವ ಗುಂಡಿಯಂಥ ಬ್ಯಾಟರಿ ಸಿಕ್ಕಿದ್ದರೆ ಅದು ಕೆಲವೇ ಗಂಟೆಗಳಲ್ಲಿ ನಡುಗೋಡೆಯನ್ನು ಸುಟ್ಟು ತೂತು ಮಾಡುತ್ತದೆ. ಮನೆಯಲ್ಲಿ ಪಿನ್ನು, ಚಿಮುಟ ಹಾಕಿ ಕೆದಕದೆ ರಾತ್ರಿಯಾದರೂ ಸರಿ, ಹೊರಡಿ.

ಮೂಗಿನಿಂದ ರಕ್ತ ಬಂದಾಗ ತಲೆಯನ್ನು ಹಿಂದಕ್ಕೆ ಬಾಗಿಸಿ ನೀರು ತಟ್ಟುವ ರೂಢಿ ಬಿಡಬೇಕು. ಆಗ ರಕ್ತ ಗಂಟಲಿಗಿಳಿಯುತ್ತದೆ. ಕುಳಿತು ಮುಂದಕ್ಕೆ ಬಾಗಿ, ಬಾಯಲ್ಲಿ ಉಸಿರಾಡುತ್ತ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಹಿಡಿಯಿರಿ. ಹೆಚ್ಚಿನ ರಕ್ತಸ್ರಾವ ನಡುಗೋಡೆಯ ಮುಂತುದಿಯಿಂದಲೇ ಬರುವುದರಿಂದ ಇಷ್ಟಕ್ಕೇ ನಿಲ್ಲುತ್ತದೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ ವೈದ್ಯರಲ್ಲಿಗೆ ಹೋಗಬೇಕು.

ದುರ್ಮಾಂಸ ಎಂದು ಜನ ಕರೆಯುವುದು ಒಂದೇ ವಸ್ತುವಲ್ಲ. ಎಷ್ಟೋ ಸಲ ಅದು ಉಬ್ಬಿದ ಸುರುಳಿ ಎಲುಬಷ್ಟೆ. ಇನ್ನು ಕೆಲವರಲ್ಲಿ ಅಲರ್ಜಿಯಿಂದಲೋ ಸೈನಸ್ಸಿನ ಬಾವಿನಿಂದಲೋ ಬೆಳೆದ ದ್ರಾಕ್ಷಿಯಂಥ ಗಂಟು. ಕೆರೆಕಟ್ಟೆಗಳಲ್ಲಿ ಮೀಯುವವರಲ್ಲಿ ಕಾಣುವ ಮೂರನೆಯದೊಂದಿದೆ, ರೈನೋಸ್ಪೊರಿಡಿಯೋಸಿಸ್. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲೇ ಇದು ಹೆಚ್ಚು. ಕೆಂಪಗೆ, ಬಿಳಿ ಚುಕ್ಕೆಗಳಿಂದ ಕೂಡಿ, ಮುಟ್ಟಿದರೆ ರಕ್ತ ಸುರಿಸುತ್ತದೆ. ಬುಡಸಮೇತ ಕಿತ್ತು ಬುಡವನ್ನು ಸುಡದಿದ್ದರೆ ಮತ್ತೆ ಬರುತ್ತದೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ನಡುವಯಸ್ಸು ದಾಟಿದವರ ಒಂದೇ ಹೊಳ್ಳೆಯಲ್ಲಿ ಗಂಟು, ರಕ್ತ ಎರಡೂ ಕಂಡರೆ ಅರ್ಬುದವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಾಗಾಗಿ ಸಂತೆಯಲ್ಲಿ ಮದ್ದು ಹಾಕಿ ಸುಡುವವರ ಬಳಿ ಮಾತ್ರ ಹೋಗಬೇಡಿ.

ಅಂಗಡಿಯಲ್ಲಿ ಸಿಗುವ, ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಹನಿಮದ್ದು ಐದಾರು ದಿನಕ್ಕಷ್ಟೇ. ಮುಂದುವರಿಸಿದರೆ ಮದ್ದಿನಿಂದಲೇ ಮೂಗು ಕಟ್ಟತೊಡಗಿ, ಸೀಸೆಯನ್ನು ಬಿಡಲಾರದ ಸ್ಥಿತಿ ಬರುತ್ತದೆ. ನಶ್ಯದ ಚಟವೂ ಪೊರೆಯನ್ನು ಕೆಡಿಸುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸುವವರು ಮೂಗು ಬಾಯಿಗೆ ಕವಚ ಕಟ್ಟಿಕೊಳ್ಳಬೇಕು. ಮೂಗು ಹಿಡಿಯಲಾರದ ಹನಿ ಶ್ವಾಸಕೋಶ ಸೇರುತ್ತದೆ. ವರ್ಷಗಟ್ಟಲೆ ದ್ರಾಕ್ಷಿ ತೋಟಕ್ಕೆ ಇದನ್ನು ಸಿಂಪಡಿಸಿದವರ ಶ್ವಾಸಕೋಶದ ಕಾಯಿಲೆಯನ್ನು ಪೋರ್ಚುಗಲ್ಲಿನ ವೈದ್ಯರು 1969ರಲ್ಲೇ ವರದಿ ಮಾಡಿದ್ದಾರೆ.

ಕುಸಿದ ಮೂಗನ್ನು ಸರಿಪಡಿಸಲಾದೀತೆ? ಆದೀತು, ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಆಸರೆ ಕೊಡುತ್ತಾರೆ. ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಜಿಲ್ಲೆಯ ಹೆಸರೂ ಉಂಟೆಂಬುದು ಅನೇಕರಿಗೆ ತಿಳಿಯದು. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ. ಸುಮಾರು ಒಂದು ವರ್ಷದ ಬಳಿಕ ಪುಣೆಯ ಹತ್ತಿರ, ಇಟ್ಟಿಗೆ ಮಾಡುವವರ ಕುಲದ ಒಬ್ಬಾತ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಮೇತ ಪ್ರಕಟಿಸಿತು. ಅಲ್ಲಿನ ಕಾರ್ಪ್ಯು ಎಂಬ ಶಸ್ತ್ರವೈದ್ಯ 1814ರಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ. ಆ ಇಟ್ಟಿಗೆಯವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಹೋಗುವಾಗ ಬಳಸುತ್ತಿರುವ ಹನಿಮದ್ದಿನ ಸೀಸೆ, ಮಾತ್ರೆ ಚೀಟಿಗಳನ್ನು ಒಯ್ಯಿರಿ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿ, 2022-23ರಲ್ಲಿ ಮತ್ತೆ ಪ್ರತ್ಯೇಕವಾಗಿ ಜಾರಿಗೆ ಬಂತು. ನೋಂದಣಿ ಸಂಘದ ಮೂಲಕವೇ ಆಗುವುದರಿಂದ, ಆಪರೇಷನ್ನಿಗೆ ದಿನ ಗೊತ್ತುಮಾಡುವ ಮೊದಲು ಪಡಿತರ ಚೀಟಿ, ಆಧಾರ್ ಪ್ರತಿಗಳೊಡನೆ ಕಚೇರಿಗೆ ಬಂದು ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿರಿ.