ವೈದ್ಯರು ಮನೆಯವರ ಬಗ್ಗೆ ಯಾಕೆ ಕೇಳುತ್ತಾರೆ?

ತಲೆನೋವೆಂದು ಕ್ಲಿನಿಕ್‌ಗೆ ಹೋದ ತಾಯಿಯೊಬ್ಬರನ್ನು ವೈದ್ಯರು ಕೇಳುತ್ತಾರೆ: "ಮನೆಯಲ್ಲಿ ಎಷ್ಟು ಜನ? ಅಡುಗೆ ಯಾರು ಮಾಡುತ್ತಾರೆ? ತಂದೆಗೆ ಬಿ.ಪಿ. ಇತ್ತೇ?" ತಲೆನೋವಿಗೂ ಇದಕ್ಕೂ ಏನು ಸಂಬಂಧ ಎಂದು ಅನಿಸಬಹುದು. ಆದರೆ ಇದೂ ತಪಾಸಣೆಯ ಭಾಗವೇ. ಕಾಯಿಲೆ ಒಬ್ಬರದ್ದಾದರೂ ಅದರ ಕಾರಣ ಮತ್ತು ಆರೈಕೆ ಅನೇಕ ಸಲ ಮನೆಯೊಳಗೇ ಇರುತ್ತವೆ.

ವಂಶದ ಮಾಹಿತಿ: ತಂದೆ ಅಥವಾ ಸಹೋದರನಿಗೆ 55 ವರ್ಷದೊಳಗೆ, ತಾಯಿ ಅಥವಾ ಸಹೋದರಿಗೆ 65 ವರ್ಷದೊಳಗೆ ಹೃದಯಾಘಾತವಾಗಿದ್ದರೆ ನಿಮಗೂ ಅಪಾಯ ಹೆಚ್ಚು. ಆದ್ದರಿಂದ ಕಾಯಿಲೆಯ ಹೆಸರಿನ ಜೊತೆ ಅದು ಬಂದ ವಯಸ್ಸನ್ನೂ ಹೇಳಿ.

ಹರಡುವ ಕಾಯಿಲೆ: ಮಗುವಿಗೆ ಕಜ್ಜಿಯಾದರೆ ವೈದ್ಯರು ಮನೆಮಂದಿಗೆಲ್ಲ ಮುಲಾಮು ಬರೆದುಕೊಡುತ್ತಾರೆ. "ನಮಗೆ ತುರಿಕೆಯೇ ಇಲ್ಲವಲ್ಲ" ಎಂದು ಬಿಟ್ಟುಬಿಡಬೇಡಿ. ಮೊದಲ ಸಲ ಕಜ್ಜಿ ಹುಳು ತಗಲಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕಾಗಬಹುದು. ಅಷ್ಟರಲ್ಲಿ ಗುಣವಾದ ಮಗುವಿಗೆ ಅವರಿಂದಲೇ ಮತ್ತೆ ಅಂಟುತ್ತದೆ. ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬರಿಗೆ ಶ್ವಾಸಕೋಶದ ಟಿ.ಬಿ. ಇದ್ದರೂ ಹಾಗೆಯೇ, ಮನೆಯವರೆಲ್ಲರ ತಪಾಸಣೆ ಆಗಬೇಕು.

ಅಡುಗೆಮನೆ: ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕು. ಬಿ.ಪಿ. ಇರುವ ಅಜ್ಜನಿಗಷ್ಟೇ ಬೇರೆ ಸಾರು ಮಾಡಿದರೆ ಆ ಪಥ್ಯ ಹೆಚ್ಚು ದಿನ ನಡೆಯದು. ಎಲ್ಲರ ಪಾತ್ರೆಯಲ್ಲೂ ಉಪ್ಪು ಕಡಿಮೆಯಾದರೆ ಅಜ್ಜನಿಗೂ ಸುಲಭ, ಮಕ್ಕಳಿಗೂ ಒಳ್ಳೆಯದು.

ಆರೈಕೆ ಮಾಡುವವರು: ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ನಿದ್ದೆ ಇದೆಯೇ, ಬೆನ್ನುನೋವು ಇದೆಯೇ ಎಂದು ಒಳ್ಳೆಯ ವೈದ್ಯರು ಕೇಳುತ್ತಾರೆ. ಆಕೆ ಕುಸಿದರೆ ಇಬ್ಬರು ರೋಗಿಗಳಾಗುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಮನೆಯವರು ಜೊತೆಗಿರುವುದು ಧೈರ್ಯ ಕೊಡುತ್ತದೆ, ನಿಜ. ಆದರೆ ಗರ್ಭಿಣಿಯೋ ಹದಿಹರೆಯದ ಮಗಳೋ ಎಲ್ಲರೆದುರು ಎಲ್ಲವನ್ನೂ ಹೇಳಲಾರರು. ವೈದ್ಯರು "ಸ್ವಲ್ಪ ಹೊರಗೆ ಕೂತಿರಿ" ಎಂದರೆ ಬೇಸರಿಸಬೇಡಿ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ.

ಮುಂದಿನ ಸಲ ಹೋಗುವ ಮೊದಲು ಹಿರಿಯರ ಬಳಿ ಕುಳಿತು, ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂತೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಳೆಯ ಚೀಟಿಗಳ ಜೊತೆ ಅದೂ ಇರಲಿ.